ಪಲ್ಲವಿ ಸಾಕು, ಚರಣ ಯಾಕೆ?

ರಾಜಕಾರಣಿಗಳಿಗೆ ಸಂಗೀತ ಕೇಳೋಕೆ ಬರಲ್ಲ ಅನ್ನುವವರು 1984ರ ಅಮೆರಿಕವನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಆ ವರ್ಷ ಜೂನ್‌ನಲ್ಲಿ ಅಲ್ಲಿನ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದ ಯು.ಎಸ್.ಎ.’ ಆಲ್ಬಮ್ ಬಂತು. ಮೊನ್ನೆ ಮತ್ತೆ ಹಾಕಿ ಕೇಳಿದೆ. ಚರಣಗಳನ್ನೂ ಕೇಳಿದೆ. ಅಷ್ಟು ಪುರುಸೊತ್ತು ದೇಶ ಆಳುವವರಿಗೆ ಎಲ್ಲಿರುತ್ತೆ, ಪಾಪ.

ಆಲ್ಬಮ್ ಹೆಸರಿನದೇ ಆದ ಮೊದಲ ಹಾಡಿನ ನಾಯಕನನ್ನು ಕೈಗೆ ಬಂದೂಕು ಕೊಟ್ಟು ವಿಯೆಟ್ನಾಂಗೆ ಕಳಿಸುತ್ತಾರೆ. ವಾಪಸ್ ಬಂದರೆ ರಿಫೈನರಿಯಲ್ಲಿ ಕೆಲಸ ಇಲ್ಲ. ಅಣ್ಣ ಯುದ್ಧದಲ್ಲೇ ಹೋದ. ಹತ್ತು ವರ್ಷ ಕಳೆದರೂ ಹೋಗೋಕೆ ಜಾಗ ಇಲ್ಲ. ಕೊನೆಗೆ, ನಾನು ಹುಟ್ಟಿದ್ದು ಈ ದೇಶದಲ್ಲೇ ಅಲ್ವಾ ಎಂದು ಗಂಟಲು ಹರಿಯುವಂತೆ ಕೂಗುತ್ತಾನೆ. ಆ ಕೂಗೇ ಪಲ್ಲವಿ. ಡ್ರಮ್ಮು ಜೋರು, ಕವರ್ ಮೇಲೆ ಬಾವುಟದ ಪಟ್ಟೆ. ಪ್ರಚಾರಕ್ಕೆ ಇನ್ನೇನು ಬೇಕು?

ಆಗ ಜಾರ್ಜ್ ವಿಲ್ ಎಂಬ ದೊಡ್ಡ ಅಂಕಣಕಾರರು ಸ್ಪ್ರಿಂಗ್‌ಸ್ಟೀನ್ ಸಂಗೀತ ಕಛೇರಿಗೆ ಹೋದರು. ಕಿವಿಗೆ ಹತ್ತಿ ತುರುಕಿಕೊಂಡು ಕೂತರು. ಇದು ಕುಹಕ ಅಲ್ಲ, ನಿಜವಾಗಿಯೂ ಹತ್ತಿ. ಬಂದು, ಇವನೇ ನೋಡಿ ಹರ್ಷಚಿತ್ತದ ಅಪ್ಪಟ ಅಮೆರಿಕನ್ ಎಂಬ ಧಾಟಿಯಲ್ಲಿ ಅಂಕಣ ಬರೆದರು. ಇಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡ ವಿಮರ್ಶಕರು ಅಪರೂಪ.

ಕೆಲವೇ ದಿನಕ್ಕೆ, ಸೆಪ್ಟೆಂಬರ್ 19ರಂದು, ಅಧ್ಯಕ್ಷ ರೇಗನ್ ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ಚುನಾವಣಾ ಭಾಷಣ ಮಾಡಿದರು. ದೇಶದ ಭವಿಷ್ಯ ನಿಮ್ಮೂರಿನ ಈ ಗಾಯಕನ ಹಾಡುಗಳಲ್ಲಿರುವ ಭರವಸೆಯ ಸಂದೇಶದಲ್ಲಿದೆ ಅಂದರು. ಎರಡು ದಿನ ಬಿಟ್ಟು ಪಿಟ್ಸ್‌ಬರ್ಗ್ ವೇದಿಕೆಯಲ್ಲಿ ಸ್ಪ್ರಿಂಗ್‌ಸ್ಟೀನ್, ಅಧ್ಯಕ್ಷರಿಗೆ ನನ್ನ ಯಾವ ಆಲ್ಬಮ್ ಇಷ್ಟವೋ, ‘ನೆಬ್ರಾಸ್ಕ’ ಅಂತೂ ಇರಲಿಕ್ಕಿಲ್ಲ ಎನ್ನುತ್ತಾ, ಅದರದ್ದೇ ‘ಜಾನಿ 99’ ಹಾಡಿದರು. ಅದೇ ನ್ಯೂಜೆರ್ಸಿಯ ಮಾವಾದಲ್ಲಿ ಕಾರ್ ಕಾರ್ಖಾನೆ ಮುಚ್ಚುತ್ತೆ, ಕೆಲಸ ಕಳೆದುಕೊಂಡವನು ಕುಡಿದು ಗುಂಡು ಹಾರಿಸುತ್ತಾನೆ, ಜಡ್ಜ್ 99 ವರ್ಷ ಜೈಲಿಗೆ ಹಾಕುತ್ತಾರೆ. ಭರವಸೆ ಇಲ್ಲ ಅಂತ ಹೇಗೆ ಹೇಳ್ತೀರಿ? 99 ವರ್ಷ ಊಟ, ವಸತಿ ಗ್ಯಾರಂಟಿ.

ಕ್ರೈಸ್ಲರ್ ಕಂಪನಿಗೂ ಕಾರ್ ಜಾಹೀರಾತಿಗೆ ‘ಬಾರ್ನ್ ಇನ್ ದ ಯು.ಎಸ್.ಎ.’ ಹಾಡು ಬೇಕಿತ್ತು. ಕೋಟಿಗಟ್ಟಲೆ ಹಣ ಬೇಡ ಅಂದರಂತೆ ಸ್ಪ್ರಿಂಗ್‌ಸ್ಟೀನ್. ಪುಣ್ಯ, ಇಲ್ಲದಿದ್ದರೆ ನಿರುದ್ಯೋಗಿಯ ಹಾಡು ಕೇಳುತ್ತಾ ಜನ ಕಂತಿನ ಫಾರಂ ತುಂಬಬೇಕಿತ್ತು.

ಪರಂಪರೆ ಮಾತ್ರ ನಿಲ್ಲಲಿಲ್ಲ. 1996ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಬಾಬ್ ಡೋಲ್ ಪ್ರಚಾರದಲ್ಲೂ ಇದೇ ಹಾಡು. 2020ರ ಅಕ್ಟೋಬರ್‌ನಲ್ಲಿ ಟ್ರಂಪ್ ಕೊರೊನಾ ಬಂದು ವಾಲ್ಟರ್ ರೀಡ್ ಮಿಲಿಟರಿ ಆಸ್ಪತ್ರೆ ಸೇರಿದಾಗ, ಅಭಿಮಾನಿಗಳು ಗೇಟಿನ ಹೊರಗೆ ಇದನ್ನೇ ಜೋರಾಗಿ ಹಾಕಿದರು. ದೇಶ ಕೈಬಿಟ್ಟ ಸೈನಿಕನ ಗೋಳು, ಸೈನಿಕರ ಆಸ್ಪತ್ರೆ ಮುಂದೆ, ಅಧ್ಯಕ್ಷರ ಆರೋಗ್ಯಕ್ಕಾಗಿ! ಹಾಡಿದವರೋ ಟ್ರಂಪ್‌ರನ್ನು ಕಂಡರಾಗದವರು. ಒಳಗೆ ಯಾರೂ ಅದನ್ನು ಪೂರ್ತಿ ಕೇಳಿಸಿಕೊಂಡಿರಲಿಕ್ಕಿಲ್ಲ. ಕೇಳಿದ್ದರೆ ರೋಗಿಯ ಬಿಪಿ ಏರುತ್ತಿತ್ತು.