ಹಳೆಯ ಸ್ಪೋರ್ಟ್‌ಸ್ಟರ್‌ನ ಬೆಲ್ಟ್ ತೆಗೆದು ಚೈನ್ ಹಾಕಿಸುವ ಮುನ್ನ

ಹಾರ್ಲೆ-ಡೇವಿಡ್‌ಸನ್ ಸ್ಪೋರ್ಟ್‌ಸ್ಟರ್ ಓಡಿಸುವವರು ನಾಲ್ಕು ಜನ ಸೇರಿದ ಕಡೆ ಹಿಂದಿನ ಚಕ್ರದ ಬೆಲ್ಟ್ ತೆಗೆಸಿ ಚೈನ್ ಹಾಕಿಸುವ ಮಾತು ಬಂದರೆ ಚರ್ಚೆ ಬೇಗ ಮುಗಿಯುವುದಿಲ್ಲ. ಹಾಗೆ ಮಾಡಿದರೆ ಗಾಡಿಯ ಮೂಲ ಸ್ವರೂಪವೇ ಕೆಟ್ಟಿತು ಎನ್ನುವವರು ಒಂದು ಕಡೆ, ಚೈನ್ ಹಾಕಿಸಿದರೆ ಎಲ್ಲ ತೊಂದರೆಯೂ ತೀರಿತು ಎನ್ನುವವರು ಇನ್ನೊಂದು ಕಡೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದ ಸ್ಪೋರ್ಟ್‌ಸ್ಟರನ್ನು ಮಲೆನಾಡಿನ ರಸ್ತೆಗಳಲ್ಲಿ ನಿಜವಾಗಿ ಓಡಿಸುವವರಿಗೆ ಚೈನ್ ಹೆಚ್ಚು ಸೂಕ್ತ, ಆದರೆ ಅಳತೆ ನೋಡದೆ ಅರ್ಧಂಬರ್ಧ ಮಾಡಿದ ಚೈನ್ ಕೆಲಸಕ್ಕಿಂತ ಕಂಪನಿ ಕೊಟ್ಟ ಬೆಲ್ಟೇ ಎಷ್ಟೋ ಮೇಲು.

ಬೆಲ್ಟ್‌ನ ಗುಣವನ್ನು ಒಪ್ಪಿಕೊಳ್ಳದೆ ಈ ಮಾತು ಆಡುವುದು ನ್ಯಾಯವಲ್ಲ. ಹಾರ್ಲೆಯವರು 1980ರ ಸ್ಟರ್ಜಿಸ್ ಮಾದರಿಯಲ್ಲಿ ಹಲ್ಲಿನ ಬೆಲ್ಟ್ ತಂದರು. 1991ರಲ್ಲಿ ಐದು ಗೇರಿನ ಸ್ಪೋರ್ಟ್‌ಸ್ಟರ್‌ಗಳ ಪೈಕಿ ಕೆಲವಕ್ಕೆ ಬಂದ ಬೆಲ್ಟ್, 1993ರ ಹೊತ್ತಿಗೆ ಎಲ್ಲ ಸ್ಪೋರ್ಟ್‌ಸ್ಟರ್‌ಗಳಿಗೂ ಬಂತು. ಒಳಗೆ ಅರಮಿಡ್ ಎಂಬ ಗಟ್ಟಿ ಕೃತಕ ನಾರಿನ ಎಳೆಗಳಿರುವ ಆ ಬೆಲ್ಟ್‌ಗೆ ಎಣ್ಣೆ ಬೇಡ, ಅದು ಸದ್ದು ಮಾಡುವುದಿಲ್ಲ, ಪ್ಯಾಂಟಿಗೆ ಕಪ್ಪು ಕಲೆ ಬಳಿಯುವುದಿಲ್ಲ. ಒಳ್ಳೆಯ ಹೆದ್ದಾರಿಯಲ್ಲಿ ಹತ್ತಾರು ಸಾವಿರ ಕಿಲೋಮೀಟರ್ ತಕರಾರಿಲ್ಲದೆ ಓಡುತ್ತದೆ. ಬೆಂಗಳೂರಿನಿಂದ ಮೈಸೂರಿಗೋ ಹುಬ್ಬಳ್ಳಿಗೋ ಹೋಗಿ ಬರುವುದಷ್ಟೇ ನಿಮ್ಮ ಓಡಾಟವಾಗಿದ್ದರೆ, ಬೆಲ್ಟ್ ಗಟ್ಟಿಯಾಗಿದ್ದರೆ, ಅದನ್ನು ಮುಟ್ಟಲು ಯಾವ ಕಾರಣವೂ ಇಲ್ಲ.

ತೊಂದರೆ ಶುರುವಾಗುವುದು ಜಲ್ಲಿ ಎದ್ದ ರಸ್ತೆಯಲ್ಲಿ. ಬೆಲ್ಟ್ ಮತ್ತು ಅದು ಸುತ್ತುವ ಹಲ್ಲಿನ ಗಾಲಿಯಾದ ಪುಲ್ಲಿಯ ನಡುವೆ ಒಂದು ಚೂಪು ಕಲ್ಲು ಸಿಕ್ಕಿಕೊಂಡರೆ ಹೊರಗೆ ಹೋಗಲು ಅದಕ್ಕೆ ದಾರಿಯಿರುವುದಿಲ್ಲ, ಬೆಲ್ಟನ್ನು ತೂತು ಮಾಡಿಕೊಂಡೇ ಅದು ಹೊರಬರುತ್ತದೆ. ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ ಓಡಿದ ಒಂದು ಬೆಲ್ಟನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಲ್ಲಿನ ಬದಿಯಲ್ಲಿ ಕಡಲೆಕಾಳಿನಷ್ಟು ಗುಂಡಿ, ಬೆನ್ನಿನ ಬದಿಯಲ್ಲಿ ಅದೇ ಜಾಗದಲ್ಲಿ ಉಬ್ಬಿದ ರಬ್ಬರು, ಉಗುರಿನಿಂದ ಕೆದಕಿದರೆ ಒಳಗಿನ ಹಳದಿ ಎಳೆಗಳು ತುಂಡಾಗಿ ಈಚೆ ಬರುತ್ತಿದ್ದವು. ಅಂಥ ಬೆಲ್ಟ್ ಇನ್ನೂ ಆರು ತಿಂಗಳು ಓಡಬಹುದು, ನಾಳೆ ಚಾರ್ಮಾಡಿ ಘಾಟಿಯ ತಿರುವಿನಲ್ಲೇ ಹರಿಯಲೂಬಹುದು. ಹರಿದ ಬೆಲ್ಟನ್ನು ಜೋಡಿಸುವಂತಿಲ್ಲ. ಬದಲಿ ಬೆಲ್ಟನ್ನು ಮಡಚಿ ಚೀಲದಲ್ಲಿ ತುರುಕಿಕೊಂಡು ಹೋಗುವಂತೆಯೂ ಇಲ್ಲ, ಏಕೆಂದರೆ ಒಮ್ಮೆ ಚೂಪಾಗಿ ಮಡಚಿದರೆ ಎಳೆಗಳು ಒಳಗೇ ಮುರಿಯುತ್ತವೆ.

ಹಾರ್ಲೆಯವರು ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ 2020ರ ಸೆಪ್ಟೆಂಬರ್‌ನಲ್ಲಿ ಹೇಳಿದ ಮೇಲೆ ಮಾರಾಟ ಮತ್ತು ಸರ್ವಿಸ್ ಹೀರೋ ಮೋಟೊಕಾರ್ಪ್‌ನ ಕೈಗೆ ಬಂದಿವೆ, ಆ ಏರ್ಪಾಡಿನ ಬಗ್ಗೆ ನನ್ನದೇನೂ ದೂರಿಲ್ಲ. ಆದರೂ ಹಳೆಯ ಮಾದರಿಯ ಬೆಲ್ಟ್ ನಮ್ಮ ಪೇಟೆಯ ಅಂಗಡಿಯಲ್ಲಿ ನೇತುಹಾಕಿರುವ ಸಾಮಾನಲ್ಲ. ಚೈನ್ ಹಾಗಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ದೊಡ್ಡ ಗಾಡಿಯ ಚೈನನ್ನೂ ತರಿಸಿಕೊಡುತ್ತಾರೆ, ಮತ್ತು ಕೊಂಡಿ ತೆಗೆದು ಸೇರಿಸುವ ಕೆಲಸ ಯಾವ ಊರಿನ ಮೆಕ್ಯಾನಿಕ್‌ಗೂ ಹೊಸದಲ್ಲ. ಚೈನಿನ ಪರವಾಗಿ ನಾನು ಹೇಳುವ ಮುಖ್ಯ ಕಾರಣ ಇದೇ: ನಿಂತ ಜಾಗದಲ್ಲೇ ಅದನ್ನು ಸರಿಮಾಡಿಕೊಳ್ಳಬಹುದು.

ಇನ್ನು ಕೆಲಸದ ವಿಷಯ. ಮೊದಲು ಹಲ್ಲಿನ ಲೆಕ್ಕ ಮಾಡಬೇಕು. ನಿಮ್ಮ ಗಾಡಿಯ ಮುಂದಿನ ಪುಲ್ಲಿಗೆ 28 ಹಲ್ಲು, ಹಿಂದಿನದಕ್ಕೆ 68 ಹಲ್ಲು ಇದ್ದರೆ, ಹಿಂದಿನ ಹಲ್ಲನ್ನು ಮುಂದಿನದರಿಂದ ಭಾಗಿಸಿದಾಗ ಬರುವ ಅನುಪಾತ 2.43 ಆಗುತ್ತದೆ. ಮುಂದೆ 21, ಹಿಂದೆ 51 ಹಲ್ಲಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಹಾಕಿಸಿದರೆ ಅನುಪಾತ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಇದನ್ನು ನೋಡದೆ ಸಿಕ್ಕ ಸ್ಪ್ರಾಕೆಟ್ ಹಾಕಿಸಿದವರ ಗಾಡಿ ಒಂದೋ ಟಾಪ್ ಗೇರಿನಲ್ಲಿ ಸುಮ್ಮನೆ ಅರಚುತ್ತದೆ, ಇಲ್ಲವೇ ಏರಿನಲ್ಲಿ ಏದುಸಿರು ಬಿಡುತ್ತದೆ. ಅದಲ್ಲದೆ, 1995ರ ಈಚಿನ ಸ್ಪೋರ್ಟ್‌ಸ್ಟರ್‌ಗಳಲ್ಲಿ ವೇಗದ ಸೆನ್ಸರ್ ಗೇರ್‌ಬಾಕ್ಸಿನ ಗೇರನ್ನು ಓದುವುದರಿಂದ, ಕೊನೆಯ ಅನುಪಾತ ಬದಲಾದರೆ ಸ್ಪೀಡೋಮೀಟರ್ ತೋರಿಸುವ ವೇಗವೂ ತಪ್ಪಾಗುತ್ತದೆ.

ಚೈನಿನ ಅಳತೆಯಲ್ಲಿ ಕಂಜೂಸುತನ ಸಲ್ಲದು. 520 ಮತ್ತು 530 ಎಂಬುವು ಚೈನಿನ ಅಳತೆಯ ಸಂಖ್ಯೆಗಳು, ಎರಡರಲ್ಲೂ ಕೊಂಡಿಯಿಂದ ಕೊಂಡಿಗೆ ಇರುವ ಅಂತರ 15.875 ಮಿಲಿಮೀಟರ್, ವ್ಯತ್ಯಾಸ ಇರುವುದು ಅಗಲದಲ್ಲಿ. ಕೆಟಿಎಂ 390 ಡ್ಯೂಕ್‌ಗೆ ಬರುವ 520 ಸುಲಭವಾಗಿ ಸಿಗುತ್ತದೆ ಎಂದು ಕೆಲವರು ಅದನ್ನೇ ಹಾಕಿಸಲು ಹೊರಡುತ್ತಾರೆ. ಸಿಲಿಂಡರ್ ಒಂದಕ್ಕೆ 440 ಸಿಸಿ ಮೀರಿದ, ಕೆಳಗಿನ ಆರ್‌ಪಿಎಂನಲ್ಲೇ ಜಗ್ಗುವ 883 ಸಿಸಿ ಸ್ಪೋರ್ಟ್‌ಸ್ಟರ್‌ನ ಎಂಜಿನ್‌ಗೆ ನಾನು ಕೊಂಡಿಗಳೊಳಗಿನ ಗ್ರೀಸ್ ಉಳಿಸುವ ರಬ್ಬರ್ ಉಂಗುರಗಳಿರುವ 530 ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನನ್ನೇ ಒಪ್ಪುತ್ತೇನೆ, ಅದೂ ರಿವೆಟ್ ಹೊಡೆದ ಜೋಡಣೆಯೊಂದಿಗೆ. ನೂರು ಸಿಸಿ ಗಾಡಿಗೆ ಹಾಕುವ ಕ್ಲಿಪ್ ಲಾಕ್ ಇಲ್ಲಿ ಊರು ಮುಟ್ಟುವವರೆಗಿನ ತಾತ್ಕಾಲಿಕ ಉಪಾಯ ಮಾತ್ರ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ನೇರ. ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿರಬೇಕು, ಅದಕ್ಕೆ ಚಕ್ರದ ನಡುವಿನ ಹಬ್ ಮತ್ತು ಸ್ಪ್ರಾಕೆಟ್ ನಡುವೆ ಅಂತರ ತುಂಬುವ ಬಿಲ್ಲೆ, ಅಂದರೆ ಸ್ಪೇಸರ್, ಬೇಕಾಗಬಹುದು. ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಈ ಕೆಲಸ ಮಾಡಿದ ಹಿರಿಯರನ್ನು ನೋಡಿ ನಾನು ಬಹಳ ಕಲಿತೆ. ಅವರು ಉದ್ದನೆಯ ಉಕ್ಕಿನ ಪಟ್ಟಿಯನ್ನು ಹಿಂದಿನ ಸ್ಪ್ರಾಕೆಟ್‌ನ ಮುಖಕ್ಕೆ ಒತ್ತಿ ಹಿಡಿದು, ಅದರ ಇನ್ನೊಂದು ತುದಿ ಮುಂದಿನ ಹಲ್ಲಿನಿಂದ ಎಷ್ಟು ಸರಿದಿದೆ ಎಂದು ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ ನೋಡಿದರು, ಆಮೇಲೇ ಸ್ಪೇಸರ್ ಕಡೆದರು. ಚೈನ್ ಟೈರಿಗಾಗಲಿ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ಗಾಗಲಿ ತಾಗದೆ ಇರುವುದನ್ನು ಗಾಡಿ ಸ್ಟ್ಯಾಂಡಿನ ಮೇಲಿರುವಾಗ ಮಾತ್ರವಲ್ಲ, ಮೇಲೆ ಇಬ್ಬರು ಕೂತು ಶಾಕ್ ಅಬ್ಸಾರ್ಬರ್ ಕುಗ್ಗಿದಾಗಲೂ ನೋಡಿದರು. ಮುಂದಿನ ಪುಲ್ಲಿಯ ನಟ್ ಉಲ್ಟಾ ಥ್ರೆಡ್ಡಿನದು ಎಂಬುದನ್ನು ನಿಮ್ಮ ಮೆಕ್ಯಾನಿಕ್‌ಗೆ ಮೊದಲೇ ಹೇಳಿ. ರೂಢಿಯಂತೆ ಎಡಕ್ಕೆ ತಿರುಗಿಸಿ ಬಲ ಹಾಕಿದರೆ ಅದು ಇನ್ನಷ್ಟು ಬಿಗಿಯಾಗಿ ಶಾಫ್ಟಿನ ಥ್ರೆಡ್ ಹಾಳಾಗುತ್ತದೆ, ಆಗ ಖರ್ಚು ಗೇರ್‌ಬಾಕ್ಸಿನವರೆಗೆ ಹೋಗುತ್ತದೆ.

ಚೈನ್ ಬಂದ ಮೇಲೆ ಸವಾರಿಯ ಅನುಭವವೂ ಬದಲಾಗುತ್ತದೆ. ಬೆಲ್ಟ್ ತಾನೇ ಸ್ವಲ್ಪ ಜಗ್ಗಿ ಎಂಜಿನಿನ ಹೊಡೆತವನ್ನು ಮೆತ್ತಗೆ ಮಾಡುತ್ತಿತ್ತು. ಹಬ್‌ನಲ್ಲಿ ರಬ್ಬರ್ ಡ್ಯಾಂಪರ್ ಇಲ್ಲದ ಗಾಡಿಯಲ್ಲಿ ಚೈನ್ ಆ ಹೊಡೆತವನ್ನು ನೇರವಾಗಿ ದಾಟಿಸುವುದರಿಂದ, ಟ್ರಾಫಿಕ್ಕಿನಲ್ಲಿ ಆಕ್ಸಿಲರೇಟರ್ ಬಿಟ್ಟು ಹಿಡಿದಾಗಲೆಲ್ಲ ಒಂದು ಜರ್ಕ್ ತಿಳಿಯುತ್ತದೆ. ಇದನ್ನು ಮುಚ್ಚಿಟ್ಟು ಕೆಲಸ ಒಪ್ಪಿಕೊಳ್ಳುವವರನ್ನು ನಾನು ನಂಬುವುದಿಲ್ಲ. ಮಳೆಯಲ್ಲಿ ಓಡಿಸಿದ ಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಲ್ಯೂಬ್ ಹಾಕುವುದು, ಆಗಾಗ ಚಕ್ರ ತಿರುಗಿಸಿ ಚೈನ್ ಅತಿ ಬಿಗಿಯಾಗಿರುವ ಜಾಗದಲ್ಲಿ ಸಡಿಲ ಅಳೆಯುವುದು, ಇವೆಲ್ಲ ಇನ್ನು ನಿಮ್ಮ ದಿನಚರಿಗೆ ಸೇರುತ್ತವೆ. ಅದಕ್ಕೆ ಪುರುಸೊತ್ತಿಲ್ಲದವರು ಬೆಲ್ಟನ್ನೇ ಉಳಿಸಿಕೊಳ್ಳುವುದು ಒಳ್ಳೆಯದು.

ಚೈನ್ ಹಾಕಿದರೆ ಅದು ಹಾರ್ಲೆಯೇ ಅಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಬೆಲ್ಟ್ ಬರುವ ಮೊದಲು ದಶಕಗಳ ಕಾಲ ಸ್ಪೋರ್ಟ್‌ಸ್ಟರ್ ಓಡಿದ್ದು ಚೈನಿನ ಮೇಲೆಯೇ, 2023ರಲ್ಲಿ ನಮ್ಮಲ್ಲಿ ಬಿಡುಗಡೆಯಾದ ಎಕ್ಸ್440 ಗಾಡಿಗೂ ಕಂಪನಿಯವರೇ ಚೈನ್ ಕೊಟ್ಟಿದ್ದಾರೆ.

ಹಾಕಿಸುವುದೆಂದು ನಿಶ್ಚಯಿಸಿದವರು ಕೆಲಸಕ್ಕೆ ಮುನ್ನ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ನೋಂದಣಿ ಪತ್ರದ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದರಿಂದ ಆರ್‌ಟಿಒ ಕಚೇರಿಯಲ್ಲೂ ಒಮ್ಮೆ ಕೇಳಿಕೊಳ್ಳಿ. ಬಿಚ್ಚಿದ ಪುಲ್ಲಿಗಳನ್ನು, ಬೋಲ್ಟುಗಳನ್ನು, ಬೆಲ್ಟ್ ಗಾರ್ಡನ್ನು ಗುಜರಿಗೆ ಹಾಕಬೇಡಿ. ಗಾಡಿ ಮಾರುವ ಕಾಲಕ್ಕೆ ಕೊಳ್ಳುವವರು ಅವನ್ನು ಖಂಡಿತ ಕೇಳುತ್ತಾರೆ.