ಆಪಾದನೆ ಊರಿಗೆಲ್ಲ ಗೊತ್ತು, ದೋಷಮುಕ್ತ ಆದೇಶ ಎಲ್ಲಿದೆ?

ನಮ್ಮ ಕಾಕಾ 2014ರಲ್ಲಿ ಸರ್ಕಾರಿ ನೌಕರಿಯಿಂದ ನಿವೃತ್ತರಾದರು. ಬೀಳ್ಕೊಡುಗೆಗೆ ಶಾಲು, ಹಾರ, ಫೋಟೋ ಎಲ್ಲ ಆಯಿತು. ಗ್ರಾಚ್ಯುಟಿ ಮಾತ್ರ ಬರಲಿಲ್ಲ. ಕಾರಣ ಅವರ ಸೇವಾ ಪುಸ್ತಕದಲ್ಲಿದ್ದ ಒಂದೇ ಒಂದು ಸಾಲು. ಕೆಂಪು ಶಾಯಿ, 1996ರ ತಾರೀಖು: 'ಇಲಾಖಾ ವಿಚಾರಣೆ ಬಾಕಿ ಇದೆ.'

ಆ ವಿಚಾರಣೆ 1999ರಲ್ಲೇ ಮುಗಿದಿತ್ತು. ಸ್ಟೋರ್‌ನಲ್ಲಿ ಸಾಮಾನು ಕಡಿಮೆ ಬಿದ್ದಿದೆ ಅನ್ನೋದು ಆಪಾದನೆ. ಎಣಿಕೆಗೆ ಬಂದವರು ರಿಜಿಸ್ಟರಿನ ಎರಡು ಪುಟ ಬಿಟ್ಟು ಲೆಕ್ಕ ಹಾಕಿದ್ದರು ಅಂತ ವಿಚಾರಣೆಯಲ್ಲಿ ಗೊತ್ತಾಯಿತು. ಕಾಕಾ ದೋಷಮುಕ್ತರಾದರು. ಆದೇಶವೂ ಬಂತು. ಅದನ್ನು ಸೇವಾ ಪುಸ್ತಕದಲ್ಲಿ ಬರೆಯಬೇಕಾದವರು ಬರೆಯಲಿಲ್ಲ. ಅಷ್ಟೇ ಆಗಿದ್ದು. ಅದರಿಂದ ಎರಡು ಸಲ ಬಡ್ತಿ ತಪ್ಪಿತು. ಸೇವಾ ಹಿರಿತನದ್ದೇ ಏನೋ ತೊಡಕಿರಬೇಕು ಅಂದುಕೊಂಡು ಅವರು ಸುಮ್ನೆ ಇದ್ದರು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ವಿಚಾರಣೆ ಶುರುವಾದಾಗ ಬಾಗಲಕೋಟೆ ಇನ್ನೂ ಬಿಜಾಪುರ ಜಿಲ್ಲೆಯಲ್ಲಿತ್ತು. 1997ರಲ್ಲಿ ಜಿಲ್ಲೆ ಬೇರೆಯಾಯಿತು. ಕಡತಗಳು ಲಾರಿಯಲ್ಲಿ ಈ ಕಡೆ ಬಂದವು. ಕೆಲವು ಅಲ್ಲೇ ಉಳಿದವು. ಆಮೇಲೆ ಆಲಮಟ್ಟಿ ಹಿನ್ನೀರು ಬಂತು, ಕಚೇರಿಗಳು ನವನಗರಕ್ಕೆ ಹೋದವು. ನಮ್ಮ ಮನೆಯೂ ಹೋಯಿತು. ಕಾಕಾ ತಮ್ಮ ಪ್ರತಿಯನ್ನು ಇಟ್ಟಿದ್ದ ಟ್ರಂಕು ಆ ಗಡಿಬಿಡಿಯಲ್ಲಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹಾಗಾಗಿ ಅವರು ತಪ್ಪು ಮಾಡಿಲ್ಲ ಅಂತ ಹೇಳುವ ಕಾಗದ ಸರ್ಕಾರದ ಬಳಿ ಮಾತ್ರ ಉಳಿಯಿತು. ಸರ್ಕಾರದಲ್ಲಿ ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಹದಿನಾಲ್ಕು ತಿಂಗಳು ಓಡಾಡಿದೆವು. ರಜೆ ಇದ್ದಾಗೆಲ್ಲ ನಾನೂ ಜೊತೆಗೆ ಹೋಗುತ್ತಿದ್ದೆ. ವಿಜಯಪುರಕ್ಕೆ, ಅಂದರೆ ಹಳೆಯ ಬಿಜಾಪುರಕ್ಕೆ, ಬೆಳಗಿನ ಬಸ್ಸು. ಕೊರ್ತಿ-ಕೊಲ್ಹಾರ ಸೇತುವೆ ದಾಟುವಾಗ ಕಾಕಾ ಕಿಟಕಿಯಿಂದ ಕೃಷ್ಣೆಯನ್ನೇ ನೋಡುತ್ತ ಕೂತಿರುತ್ತಿದ್ದರು. ಒಂದು ಸಲ ಹೇಳಿದರು, 'ಯವ್ವಾ, ನಾ ತಪ್ಪು ಮಾಡಿಲ್ಲಂತ ಬರದ ಕಾಗದ ಒಂದ ಐತಿ. ಅದ ಸಿಗವಲ್ದು ನೋಡ.' ಅರವತ್ತು ವರ್ಷದ ಮನುಷ್ಯ. ಇವತ್ತಿಗೂ ಆ ಮಾತು ನೆನಪಾದರೆ ಗಂಟಲು ಕಟ್ಟುತ್ತದೆ.

ಅಲ್ಲಿನ ಹಳೆಯ ಕಚೇರಿಯಲ್ಲಿ ಒಬ್ಬ ವಯಸ್ಸಾದ ದಲಾಯತ, ಅಂದರೆ ಜವಾನ, ಇದ್ದ. 'ಅಕ್ಕಾರ, ಆ ಕಾಲದ ದಫ್ತರ ಎಲ್ಲಾ ಹಿಂದಿನ ಖೋಲ್ಯಾಗ ಅದಾವ್ರಿ. ಯಾವುದ್ರಾಗ ಏನೈತಿ ಅಂತ ಯಾರಿಗೂ ಗೊತ್ತಿಲ್ರಿ' ಅಂದ. ಬೀಗ ತೆಗೆದು ಅವನೇ ಒಂದೊಂದು ಗಂಟು ಬಿಚ್ಚಿದ. ಧೂಳು ಎದ್ದು ಮೂವರೂ ಕೆಮ್ಮುತ್ತಿದ್ದೆವು. ಮೂರನೇ ದಿನ, 'ಇತರೆ' ಅಂತ ಬರೆದ ಗಂಟಿನಲ್ಲಿ, ಒಂದು ಟೆಂಡರ್ ಕಡತದ ಅಡಿಯಲ್ಲಿ ಸಿಕ್ಕಿತು. ಅಂಚು ಗೆದ್ದಲು ತಿಂದಿತ್ತು. ಆದೇಶದ ಸಂಖ್ಯೆ ಮತ್ತು ಸಹಿ ಉಳಿದಿದ್ದವು. ರಕ್ಷಾಪುಟದ ಮೇಲೆ ದೊಡ್ಡದಾಗಿ 'ಸಿ' ಅಂತ ಇತ್ತು.

ಕಚೇರಿಯ ಹೊರಗಿನವರಿಗೆ ಆ ಅಕ್ಷರದ ಅರ್ಥ ಹೇಳಬೇಕು. ಕೆಲಸ ಮುಗಿದ ಕಡತಕ್ಕೆ ಎ, ಬಿ, ಸಿ, ಡಿ, ಇ ಅಂತ ವರ್ಗ ಹಾಕುತ್ತಾರೆ. 'ಎ' ಅಂದರೆ ಶಾಶ್ವತ. 'ಬಿ' 30 ವರ್ಷ, 'ಸಿ' 10 ವರ್ಷ, 'ಡಿ' 5 ವರ್ಷ, 'ಇ' ಒಂದು ವರ್ಷ. ಆ ಅವಧಿ ಆದ ಮೇಲೆ ನಾಶ ಮಾಡಬಹುದು. ಕಾಕಾನ ಕಡತ 2009ರ ಹೊತ್ತಿಗೇ ಹರಿದು ಹೋಗಬೇಕಿತ್ತು. ಆ ಕಚೇರಿಯಲ್ಲಿ ಹಳೆ ಕಡತ ನಾಶ ಮಾಡುವ ಕೆಲಸವನ್ನೇ ಯಾರೂ ಕೈಗೆತ್ತಿಕೊಂಡಿರಲಿಲ್ಲ, ಅದಕ್ಕೇ ಉಳಿದಿತ್ತು. ನಮ್ಮ ಪುಣ್ಯ. ಒಬ್ಬ ನೌಕರ ಇನ್ನೂ ಸೇವೆಯಲ್ಲಿರುವಾಗಲೇ ಅವನು ನಿರ್ದೋಷಿ ಅನ್ನುವ ಆದೇಶಕ್ಕೆ ಹತ್ತು ವರ್ಷದ ಆಯಸ್ಸು ಹಾಕಿದ್ದು ಎಂಥ ಲೆಕ್ಕ? ಸೇವಾ ಪುಸ್ತಕದ ಕೆಂಪು ಸಾಲಿಗೆ ಮಾತ್ರ ಅವಧಿಯೇ ಇಲ್ಲ!

ಇಷ್ಟು ಗಟ್ಟಿಯಾಗಿ ಬರೆಯಲು ಕಾರಣ ಇದೆ. ನಾನೂ ಸರ್ಕಾರಿ ನೌಕರಿಯಲ್ಲೇ ಇದ್ದು ನಿವೃತ್ತಳಾದವಳು. ಬೇರೆ ಇಲಾಖೆ. ಕೊನೆಯ ಹಲವು ವರ್ಷ ಸಿಬ್ಬಂದಿ ಶಾಖೆಯಲ್ಲಿ ಇಲಾಖಾ ವಿಚಾರಣೆಯ ಕಡತಗಳೇ ನನ್ನ ಮೇಜಿಗೆ ಬರುತ್ತಿದ್ದವು. ನಿಯಮ ನಮ್ಮಲ್ಲಿ ಕಡಿಮೆ ಇಲ್ಲ. ನೌಕರರ ಶಿಸ್ತು, ವಿಚಾರಣೆ, ಮೇಲ್ಮನವಿಗೆ 1957ರ ಸಿಸಿಎ ನಿಯಮಗಳಿವೆ. ದೋಷಾರೋಪಣ ಪಟ್ಟಿ ಹೇಗಿರಬೇಕು, ಅದರ ಜೊತೆ ಸಾಕ್ಷಿಗಳ ಪಟ್ಟಿ, ದಾಖಲೆಗಳ ಪಟ್ಟಿ ಕೊಡಬೇಕು, ಆಪಾದಿತ ನೌಕರ ಆ ದಾಖಲೆ ನೋಡಬಹುದು, ಎಲ್ಲ ಬರೆದಿದೆ. ಆದರೆ ಕಡತ ಒಂದು ಜಾಗದಲ್ಲಿ ನಿಲ್ಲೋದಿಲ್ಲ. ನಮ್ಮ ಕಚೇರಿಯಿಂದ ಜಿಲ್ಲಾ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ, ಕೆಲವು ಲೋಕಾಯುಕ್ತಕ್ಕೆ, ಮತ್ತೆ ವಿಚಾರಣಾಧಿಕಾರಿಗೆ, ಇಲಾಖೆಯ ಪರ ವಾದ ಮಂಡಿಸುವ ಮಂಡನಾಧಿಕಾರಿಗೆ. ನಡುವೆ ಟಪಾಲು ಹುಡುಗ, ಟೈಪ್ ಮಾಡುವವರು, ಝೆರಾಕ್ಸ್ ಅಂಗಡಿ. ಎಷ್ಟು ಕೈ ಆಯಿತು ನೀವೇ ಎಣಿಸಿ.

ಝೆರಾಕ್ಸ್ ಅಂಗಡಿಯ ಒಂದು ಸಂಗತಿ ಹೇಳಲೇಬೇಕು. ನಮ್ಮ ಕಚೇರಿಯ ಮಷೀನು ಕೆಟ್ಟಾಗ ಎದುರಿನ ಅಂಗಡಿಗೇ ಕಳಿಸುತ್ತಿದ್ದೆವು. ಒಂದು ದಿನ ಮನೆಯ ಯಾವುದೋ ಕಾಗದ ಮಾಡಿಸಲು ಹೋದೆ. ಅಂಗಡಿಯವರು ಲೆಕ್ಕ ಬರೆದು ಚೀಟಿ ಕೊಟ್ಟರು. ತಿರುಗಿಸಿ ನೋಡಿದರೆ ಹಿಂದೆ ಅಚ್ಚಾದ ಅಕ್ಷರ. 'ಪ್ರಶ್ನೆ 7' ಅಂತ ಇತ್ತು, ಕೆಳಗೆ ಉತ್ತರ. ಒಬ್ಬ ಹೆಣ್ಣುಮಗಳು ತನ್ನ ಮೇಲಿನ ಅಧಿಕಾರಿಯ ವಿರುದ್ಧ ಕೊಟ್ಟ ಹೇಳಿಕೆ. ಪ್ರತಿ ಮಸುಕಾಗಿ ಬಂದಿತ್ತು ಅಂತ ಪಕ್ಕಕ್ಕೆ ಇಟ್ಟ ಹಾಳೆ. ಅಂಥವನ್ನೇ ಹರಿದು ಚೀಟಿ ಮಾಡಿಕೊಂಡಿದ್ದರು. ಅವರದು ಏನು ತಪ್ಪು? ಅವರಿಗೆ ಅದು ಹಾಳಾದ ಕಾಗದ. ತಪ್ಪು ನಮ್ಮದು. ಆ ಕಟ್ಟನ್ನೆಲ್ಲ ಇಸಕೊಂಡು ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆ ಹೆಣ್ಣುಮಗಳಿಗೆ ಕಾನೂನಿನ ರಕ್ಷಣೆ ಇಲ್ಲ ಅಂತಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಕಲಂ 16 ದೂರುದಾರರ, ಸಾಕ್ಷಿಗಳ ಹೆಸರು ಬಹಿರಂಗ ಮಾಡಬಾರದು ಅಂತ ಸ್ಪಷ್ಟವಾಗಿ ಹೇಳುತ್ತದೆ. ಸೇವಾ ನಿಯಮದಲ್ಲಿ ಬೇರೆ ಶಿಕ್ಷೆ ಇಲ್ಲದಿದ್ದರೆ ಮಾಡಿದವರಿಗೆ ದಂಡ 5,000 ರೂಪಾಯಿ. ಅಷ್ಟು ಕಡಿಮೆ ದಂಡಕ್ಕೆ ಯಾರು ಹೆದರುತ್ತಾರೆ? ಬೇರೆ ವಿಚಾರಣೆಗಳಲ್ಲಿ ಸಾಕ್ಷಿ ಹೇಳಿದವರಿಗೆ ಅಷ್ಟೂ ಆಸರೆ ಇಲ್ಲ. ಈಗಂತೂ ದೋಷಾರೋಪಣ ಪಟ್ಟಿ ಆಪಾದಿತನ ಕೈಗೆ ಸೇರುವ ಮೊದಲೇ ವಾಟ್ಸಾಪ್ ಗ್ರೂಪಿಗೆ ಬಂದಿರುತ್ತದೆ. ಅದೇ ಮನುಷ್ಯ ಎರಡು ವರ್ಷದ ನಂತರ ದೋಷಮುಕ್ತನಾದರೆ ಆ ಆದೇಶವನ್ನು ಯಾವ ಗ್ರೂಪಿನಲ್ಲೂ ಯಾರೂ ಹಾಕೋದಿಲ್ಲ. ನಾನು ಒಮ್ಮೆಯೂ ನೋಡಿಲ್ಲ.

ಎಲ್ಲ ಕಂಪ್ಯೂಟರಿಗೆ ಹಾಕಿದರೆ ಸರಿಹೋಗುತ್ತದೆ ಅನ್ನುವವರಿಗೆ ಅಮೆರಿಕದ ಕಥೆ ಹೇಳುತ್ತೇನೆ. ಅಲ್ಲಿ ಸರ್ಕಾರಿ ಕೆಲಸಕ್ಕೆ ಸೇರುವವರ ಪೂರ್ವಾಪರ ವಿಚಾರಿಸಿ ಕಡತ ಮಾಡುತ್ತಾರೆ. ಸೂಕ್ಷ್ಮ ಹುದ್ದೆಗಾದರೆ ನೂರು ಪುಟಕ್ಕೂ ಜಾಸ್ತಿ ಇರುವ ಅರ್ಜಿ. ಸಾಲ, ಕಾಯಿಲೆ, ಕುಡಿತ, ಸಂಬಂಧಿಕರು, ವಿದೇಶದ ಗೆಳೆಯರು, ಎಲ್ಲ ಬರೆಯಬೇಕು. ಇದನ್ನೆಲ್ಲ ಕೇಂದ್ರದ ಸಿಬ್ಬಂದಿ ಕಚೇರಿ ಇಟ್ಟುಕೊಂಡಿತ್ತು. 2015ರಲ್ಲಿ ಗೊತ್ತಾಯಿತು, 2 ಕೋಟಿ 15 ಲಕ್ಷ ಜನರ ವಿವರ ಕಳುವಾಗಿದೆ ಅಂತ. ಅದರಲ್ಲಿ ಸುಮಾರು 18 ಲಕ್ಷ ಜನ ಕೆಲಸಕ್ಕೆ ಅರ್ಜಿ ಹಾಕಿದವರೇ ಅಲ್ಲ, ಹೆಚ್ಚಾಗಿ ಅವರ ಗಂಡ, ಹೆಂಡತಿ, ಜೊತೆಗಿದ್ದವರು. 56 ಲಕ್ಷ ಜನರ ಬೆರಳಚ್ಚು ಕೂಡ ಹೋಯಿತು. ಪಾಸ್‌ವರ್ಡ್ ಬದಲಿಸಬಹುದು, ಬೆರಳು ಬದಲಿಸೋಕೆ ಆಗುತ್ತಾ? ಕಳ್ಳರು ಒಳಗೆ ಹೋಗಿದ್ದು ಗುತ್ತಿಗೆ ಕಂಪನಿಯೊಂದಕ್ಕೆ ಕೊಟ್ಟಿದ್ದ ಲಾಗಿನ್ ಬಳಸಿ. ಆ ಕಚೇರಿಯ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು.

ಇದನ್ನು ಓದಿದಾಗ ನಮ್ಮ ಕಚೇರಿಯೇ ಕಣ್ಣ ಮುಂದೆ ಬಂತು. ಸಾಹೇಬರ ಪಾಸ್‌ವರ್ಡ್ ಗುತ್ತಿಗೆ ಆಪರೇಟರ್ ಹುಡುಗನಿಗೆ ಗೊತ್ತು. ಮಾನಿಟರ್ ಮೇಲೆ ಚೀಟಿ ಅಂಟಿಸಿದ್ದೂ ನೋಡಿದ್ದೇನೆ. ಆ ಹುಡುಗನ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಕಡತ ತೆರೆದಿದ್ದು ಸಾಹೇಬರ ಹೆಸರಲ್ಲಿ ದಾಖಲಾಗುತ್ತದೆ. ನಿಜವಾಗಿ ನೋಡಿದವರು ಯಾರು ಅಂತ ನಾಳೆ ಗೊತ್ತಾಗೋದಿಲ್ಲ. ಅದಕ್ಕಿಂತ ನಮ್ಮ ಹಳೆಯ ಚಲನವಲನ ರಿಜಿಸ್ಟರೇ ಎಷ್ಟೋ ವಾಸಿ. ಯಾರ ಕೈಗೆ ಹೋಯಿತು, ಯಾವ ತಾರೀಖು, ಸಹಿ, ಎಲ್ಲ ಅದರಲ್ಲಿತ್ತು.

ಹಾಗಂತ ಎಲ್ಲವನ್ನೂ ಬೀಗ ಹಾಕಿ ಇಡಿ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ನನ್ನ ಸಹೋದ್ಯೋಗಿಗಳಿಗೆ ಬೇಸರ ಆಗಬಹುದು. 2012ರಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನೌಕರನಿಗೆ ಕೊಟ್ಟ ಮೆಮೊ, ಕಾರಣ ಕೇಳಿದ ನೋಟಿಸು, ದಂಡನೆಯ ಆದೇಶ ವೈಯಕ್ತಿಕ ಮಾಹಿತಿ, ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಕೊಡಬೇಕಾಗಿಲ್ಲ ಅಂದಿತು. ಆಗಲೂ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಅನ್ನೋ ಮಾತು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಒಳಗೇ ಇತ್ತು. 2023ರ ಡೇಟಾ ಸಂರಕ್ಷಣೆ ಕಾಯ್ದೆ ಅದನ್ನು ತೆಗೆದು ಹಾಕಿತು. 2025ರ ನವೆಂಬರ್‌ನಿಂದ ಆ ಬದಲಾವಣೆ ಜಾರಿಯಲ್ಲಿದೆ. ಮಾಹಿತಿ ಹಕ್ಕು ಕಾಯ್ದೆಯ 8(2) ಉಳಿದಿದೆ ನಿಜ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಅದರಡಿ ಕೇಳಬಹುದು. ಆದರೆ 'ವೈಯಕ್ತಿಕ ಮಾಹಿತಿ' ಅಂತ ಎರಡು ಪದ ಬರೆದು ಅರ್ಜಿ ವಾಪಸ್ ಕಳಿಸೋದು ಈಗ ಇನ್ನೂ ಸುಲಭ. ಜನರ ದುಡ್ಡು ತಿಂದದ್ದು ವಿಚಾರಣೆಯಲ್ಲಿ ಸಾಬೀತಾಗಿ, ಅಂತಿಮ ಆದೇಶವೂ ಆಗಿದ್ದರೆ ಆ ಆದೇಶ ಜನರಿಗೆ ಸಿಗಬೇಕು. ಸಾಕ್ಷಿಗಳ ಹೆಸರು, ಮನೆಯ ವಿಳಾಸ, ಕಾಯಿಲೆಯ ವಿವರ ಮುಚ್ಚಿ ಕೊಡಲಿ. ವಿಚಾರಣೆ ನಡೆಯುವಾಗ ಮಾತ್ರ ಒಂದು ಹಾಳೆಯೂ ಹೊರಗೆ ಬರಬಾರದು. ನಮ್ಮಲ್ಲಿ ನಡೆಯುತ್ತಿರುವುದು ಇದರ ಉಲ್ಟಾ ಅಲ್ವಾ?

ಕಾಲದ ಮಾತೂ ಇದೆ. ವಿಚಾರಣೆಯನ್ನು ಆರು ತಿಂಗಳಲ್ಲಿ, ತಪ್ಪಿದರೆ ಒಂದು ವರ್ಷದೊಳಗೆ ಮುಗಿಸಲು ನೋಡಬೇಕು ಅಂತ ಪ್ರೇಮನಾಥ್ ಬಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲೇ ಹೇಳಿದೆ. ವರ್ಷಗಟ್ಟಲೆ ಎಳೆದಷ್ಟೂ ಕಾಗದ ಕಳೆಯುತ್ತದೆ, ಸೋರುತ್ತದೆ. ನೌಕರರ ಸೇವಾ ವ್ಯಾಜ್ಯ ಕೇಳುವ ಕರ್ನಾಟಕ ಆಡಳಿತ ನ್ಯಾಯಮಂಡಳಿಯ (ಕೆಎಟಿ) ಬೆಳಗಾವಿ ಪೀಠಕ್ಕೆ ಒಂದು ಕೇಸಿಗಾಗಿ ಕಡತ ಹೊತ್ತುಕೊಂಡು ನಾನು ಹೋಗಿದ್ದೆ. ಅಲ್ಲಿ ಪಕ್ಕದಲ್ಲಿ ಕೂತಿದ್ದ ಬೇರೆ ಇಲಾಖೆಯವರು ಬರಿಗೈಯಲ್ಲಿ ಬಂದಿದ್ದರು. ಮೂಲ ಕಡತ ಸಿಗುತ್ತಿಲ್ಲ ಅಂತ ಮತ್ತೆ ತಾರೀಖು ತೆಗೆದುಕೊಂಡರು. ಆ ನೌಕರ ಬಾಗಿಲ ಬಳಿ ನಿಂತು ಕೇಳಿಸಿಕೊಂಡ. ಏನೂ ಅನ್ನಲಿಲ್ಲ.

ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆ ಜಮೀನು ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸ. ಅದೇ ಮುತುವರ್ಜಿ ನೌಕರರ ವಿಚಾರಣೆ ಕಡತಗಳಿಗೂ ಬರಲಿ. ದೋಷಮುಕ್ತ ಆದೇಶವನ್ನು ಅದೇ ತಿಂಗಳು ಸೇವಾ ಪುಸ್ತಕದಲ್ಲಿ, ಆ ಕೆಂಪು ಸಾಲಿನ ಪಕ್ಕದಲ್ಲೇ ಬರೆಯುವ ಜವಾಬ್ದಾರಿ ಒಬ್ಬರ ಹೆಸರಿಗೆ ಇರಲಿ. ಬರೆದ ಮೇಲೆ ನೌಕರನಿಗೆ ತೋರಿಸಿ ಸಹಿ ಪಡೆಯಲಿ. ಕಡತಕ್ಕೆ ಯಾವ ಅಕ್ಷರ ಹಾಕಿದರೂ ಆದೇಶದ ಪ್ರತಿ ಅವನ ಸೇವೆ ಮತ್ತು ಪಿಂಚಣಿ ಮುಗಿಯುವವರೆಗೆ ಇರಲೇಬೇಕು. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ.

ಸೇವೆಯಲ್ಲಿರುವ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ದಯವಿಟ್ಟು ಈ ವಾರವೇ ನಿಮ್ಮ ಸೇವಾ ಪುಸ್ತಕ ತೆಗೆಸಿ ಪುಟ ಪುಟ ನೋಡಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಕಾಕಾ ಅದನ್ನು ಮೊದಲ ಸಲ ಪೂರ್ತಿ ನೋಡಿದ್ದು ನಿವೃತ್ತಿಯಾದ ಮೇಲೆ.

ಗ್ರಾಚ್ಯುಟಿ ಆಮೇಲೆ ಬಂತು. ತಪ್ಪಿದ ಬಡ್ತಿ ಬರಲಿಲ್ಲ. ಕಾಕಾ ಆ ಆದೇಶವನ್ನು ನಾಲ್ಕು ಪ್ರತಿ ಮಾಡಿಸಿದರು. ಒಂದು ಅವರ ಹತ್ತಿರ, ಎರಡು ಮಕ್ಕಳ ಹತ್ತಿರ. ನಾಲ್ಕನೆಯದು ನನ್ನ ಕಪಾಟಿನಲ್ಲಿ, ನಮ್ಮ ಮನೆಯ ಹಕ್ಕುಪತ್ರದ ಜೊತೆ ಇದೆ.