ಹೃದಯದ ಔಷಧಿ ನೀರಿನ ಬಾಟಲಿಗೆ ಬೇಡ

ಗಿನಿ ಪಿಗ್‌ಗಳ ಹೃದಯದ ಕಾಯಿಲೆ ಬಗ್ಗೆ ಬರೆದಿದ್ದು ತುಂಬಾ ಒಳ್ಳೆಯದಾಯಿತು, ಆದರೆ ಔಷಧಿಯನ್ನು ಕುಡಿಯುವ ನೀರಿಗೆ ಬೆರೆಸಬಹುದು ಎಂದಿದ್ದೀರಲ್ಲ, ಅದನ್ನು ದಯವಿಟ್ಟು ತಿದ್ದಿ. ಎಷ್ಟು ಔಷಧಿ ಒಳಗೆ ಹೋಯಿತು ಅಂತ ಗೊತ್ತಾಗುವುದೇ ಇಲ್ಲ. ರುಚಿ ಬದಲಾದರೆ ಕೆಲವು ಗಿನಿ ಪಿಗ್‌ಗಳು ನೀರು ಕುಡಿಯುವುದನ್ನೇ ಬಿಡುತ್ತವೆ. ಮೈಯಲ್ಲಿ ತುಂಬಿದ ನೀರು ಹೊರಹಾಕುವ ಫ್ಯೂರೋಸೆಮೈಡ್ ಔಷಧಿ ಕೊಡುವಾಗ ಮೂತ್ರ ಜಾಸ್ತಿ ಹೋಗುತ್ತದೆ, ಆಗ ನೀರೂ ಕಡಿಮೆಯಾದರೆ ಕಿಡ್ನಿಗೆ ತೊಂದರೆ ಅಲ್ವಾ?

ನಮ್ಮ ಗಿನಿ ಪಿಗ್ ಗುಂಡನಿಗೆ 4 ವರ್ಷವಾದಾಗ ಹೃದಯ ದೊಡ್ಡದಾಗಿದೆ ಎಂದು ಎಕ್ಸ್‌ರೇಯಲ್ಲಿ ಗೊತ್ತಾಯಿತು. ಫ್ಯೂರೋಸೆಮೈಡ್, ಹೃದಯದ ಬಡಿತಕ್ಕೆ ಬಲ ಕೊಡುವ ಪಿಮೊಬೆಂಡಾನ್, ಎರಡನ್ನೂ ಅವನಿಗೆ ದಿನಕ್ಕೆ 2 ಸಲ ಕೊಡಬೇಕಿತ್ತು. ಸೂಜಿ ಇಲ್ಲದ 1 ಮಿ.ಲೀ. ಸಿರಿಂಜನ್ನು ಬಾಯಿಯ ಪಕ್ಕದಿಂದ, ಮುಂದಿನ ಹಲ್ಲಿನ ಹಿಂದೆ ಇಟ್ಟು ಹನಿ ಹನಿಯಾಗಿ ಬಿಡಬೇಕು. ಒಂದೇ ಸಲ ಒತ್ತಿದರೆ ಶ್ವಾಸಕೋಶಕ್ಕೆ ಹೋಗಬಹುದು. ಮೊದಲ ವಾರ ಅವನು ತಲೆ ತಿರುಗಿಸಿ ಎಲ್ಲವನ್ನೂ ಗಲ್ಲದ ಮೇಲೇ ಸುರಿಸಿಕೊಳ್ಳುತ್ತಿದ್ದ. ಟವೆಲ್‌ನಲ್ಲಿ ಸುತ್ತಿ ತೊಡೆ ಮೇಲೆ ಕೂರಿಸಿಕೊಂಡ ಮೇಲೆ ಸರಿಹೋಯಿತು, ಕೊನೆಕೊನೆಗೆ ಸಿರಿಂಜು ಕಂಡರೆ ತಾನೇ ಹತ್ತಿರ ಬರುತ್ತಿದ್ದ, ಯಾಕೆಂದರೆ ಆಮೇಲೆ ಕೊತ್ತಂಬರಿ ಸೊಪ್ಪು ಸಿಗುತ್ತಿತ್ತು.

ಇನ್ನೊಂದು ಮಾತು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ತೂಕ ನೋಡಿ. ದಿಢೀರ್ ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು, ಇಳಿದರೆ ತಿನ್ನುತ್ತಿಲ್ಲ ಅಂತ ಅನುಮಾನಪಡಿ. ಮಲಗಿದ್ದಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಅಂತ ಎಣಿಸಿ ಬರೆದಿಡಿ, ವೈದ್ಯರಿಗೆ ಡೋಸ್ ಬದಲಿಸುವಾಗ ಅದು ಬೇಕು. ಚುರುಕಾಗಿ ಓಡಾಡುತ್ತಿದೆ ಅಂತ ಸುಮ್ನೆ ನೀವೇ ಔಷಧಿ ನಿಲ್ಲಿಸಬೇಡಿ. ಅರ್ಧ ದಿನ ಹುಲ್ಲು ಮುಟ್ಟದಿದ್ದರೂ ಕಾಯಬೇಡಿ, ತಕ್ಷಣ ತೋರಿಸಿ.